ಕೆಂಪು ಪಡೆಯವನು ನಮ್ಮ ಮನೆಗೆ ಬಂದದ್ದು

ನವಲಗುಂದದಲ್ಲಿ ಹುಟ್ಟಿದವನು ನೌಕಾಪಡೆ ಸೇರಿದ ಅಂದರೆ ಜನ ಈಗಲೂ ನಗುತ್ತಾರೆ. ನಮ್ಮ ಕಡೆ ನೀರು ಅಂದರೆ ಒಂದೋ ಕೆರೆ, ಇಲ್ಲವೇ ಬೆಣ್ಣಿಹಳ್ಳ. ಆ ಹಳ್ಳ ವರ್ಷದ ಬಹುಪಾಲು ಮಲಗಿರುತ್ತದೆ, ಎದ್ದರೆ ಸುತ್ತಲಿನ ಊರುಗಳ ಎದೆ ನಡುಗಿಸುತ್ತದೆ. ಮೊದಲ ಸಲ ರಜೆಗೆ ಬಂದಾಗ ನಮ್ಮ ಓಣಿಯ ಕಾಕಾ ಒಬ್ಬರು ನನ್ನ ಬಿಳಿ ಸಮವಸ್ತ್ರವನ್ನು ಮೇಲಿಂದ ಕೆಳಗೆ ನೋಡಿ, "ಹಡಗಾ ಎಳ್ಯಾಕ ಎಷ್ಟು ಎತ್ತು ಬೇಕಾಗ್ತಾವೋ ತಮ್ಮಾ?" ಎಂದು ಕೇಳಿದ್ದರು. ಆ ಮಾತು ಹೇಳಿ ನಾನು ಮೂವತ್ತು ವರ್ಷ ಬೇರೆ ಬೇರೆ ಬಂದರುಗಳಲ್ಲಿ ಜನರನ್ನು ನಗಿಸಿದ್ದೇನೆ. ಊರಿನ ಸುದ್ದಿ, ಮನೆಯ ಸುದ್ದಿ ಯಾರ ಮುಂದೆಯಾದರೂ ಬಿಚ್ಚಿ ಕೂರುವ ಚಾಳಿ ನನಗೆ ಮೊದಲಿನಿಂದಲೂ ಇತ್ತು.

ನಲವತ್ತೆಂಟು ತುಂಬಿದ ವರ್ಷ ನನ್ನನ್ನು ಹಿರಿಯ ಅಧಿಕಾರಿಗಳ ಉನ್ನತ ಕೋರ್ಸಿಗೆ ಆರಿಸಿದರು. ಕಾಲೇಜಿನ ಹೆಸರು ಇಲ್ಲಿ ಬೇಡ, ಪಶ್ಚಿಮ ಕರಾವಳಿಯಲ್ಲಿತ್ತು ಅಂದರೆ ಸಾಕು. ನೌಕಾಪಡೆಯಲ್ಲಿ ಕ್ಯಾಪ್ಟನ್ ಸಣ್ಣ ಹುದ್ದೆಯಲ್ಲ. ಭುಜದ ಮೇಲೆ ನಾಲ್ಕು ಪಟ್ಟಿ ಬಂದಿರುತ್ತವೆ, ಒಂದು ಯುದ್ಧನೌಕೆ ನಡೆಸಿರುತ್ತೇವೆ, ಅದರಲ್ಲಿದ್ದ ಅಷ್ಟೂ ಜನರ ಊಟ, ನಿದ್ದೆ, ಪ್ರಾಣ ನಮ್ಮ ಕೈಯಲ್ಲಿದ್ದಿರುತ್ತದೆ. ಅಂಥವರನ್ನು ಕರೆತಂದು ಮತ್ತೆ ಶಾಲೆಗೆ ಹಾಕುತ್ತಾರೆ. ಒಂದು ಹಡಗು ನಡೆಸಿದವನಿಗೆ ಇಡೀ ಯುದ್ಧ ನಡೆಸುವುದನ್ನು ಕಲಿಸುವ ಶಾಲೆ ಅದು. ಬೆಳಿಗ್ಗೆ ಉಪನ್ಯಾಸ, ಮಧ್ಯಾಹ್ನ ಸಣ್ಣ ಸಣ್ಣ ಗುಂಪುಗಳಲ್ಲಿ ಚರ್ಚೆ, ನಡುವೆ ಒಂದು ದೊಡ್ಡ ಪ್ರಬಂಧ. ಸಮುದ್ರದ ಕಾನೂನು ಓದಬೇಕು, ದೇಶದೇಶಗಳ ವ್ಯಾಪಾರ ಓದಬೇಕು, ಗೆಲ್ಲಬೇಕಾದವರು ಯಾಕೆ ಸೋತರು ಅನ್ನುವುದನ್ನು ಓದಬೇಕು. ತಲೆ ನರೆತ ಗಂಡಸರು ಚಾಳೀಸು ಮೂಗಿಗೇರಿಸಿಕೊಂಡು ಮೆಟ್ರಿಕ್ ಹುಡುಗರ ಹಾಗೆ ಪುಸ್ತಕದಲ್ಲಿ ಗೆರೆ ಎಳೆಯುತ್ತ ಕೂತಿರುತ್ತಿದ್ದೆವು.

ಹೊರಗಿನವರಿಗೆ ಇದು ತಮಾಷೆ, ಒಳಗಿದ್ದವರಿಗೆ ಜೀವದ ಪ್ರಶ್ನೆ. ಕ್ಯಾಪ್ಟನ್ ಆದ ಮೇಲೆ ಉಳಿಯುವುದು ಅಡ್ಮಿರಲ್ ಮೆಟ್ಟಿಲು. ಹತ್ತು ಜನ ನಿಂತರೆ ಒಬ್ಬರೋ ಇಬ್ಬರೋ ಏರುವಷ್ಟು ಕಿರಿದಾದ ಮೆಟ್ಟಿಲು ಅದು. ಕೋರ್ಸಿನ ಕೊನೆಗೆ ವಾರ್‌ಗೇಮ್ ಇರುತ್ತದೆ. ತರಗತಿಯನ್ನು ನೀಲಿ ಪಡೆ, ಕೆಂಪು ಪಡೆ ಎಂದು ಎರಡು ಭಾಗ ಮಾಡಿ, ಇಲ್ಲದ ಎರಡು ದೇಶಗಳ ನಡುವೆ ನಕ್ಷೆಯ ಮೇಲೆ, ಕಂಪ್ಯೂಟರಿನ ಮೇಲೆ ಯುದ್ಧ ಆಡಿಸುತ್ತಾರೆ. ಅಲ್ಲಿ ಯಾರು ಹೇಗೆ ನಿರ್ಧಾರ ಮಾಡಿದರು ಅನ್ನುವುದು ವರದಿಯಲ್ಲಿ ಬರುತ್ತದೆ. ಆ ವರದಿ ಬಡ್ತಿ ಕೊಡುವ ಬೋರ್ಡಿನ ಮುಂದೆ ಹೋಗುತ್ತದೆ. ನಮ್ಮ ಬ್ಯಾಚಿಗೆ ಆ ವರ್ಷವೇ ಕಡೆಯ ಅವಕಾಶ. ನನಗೆ ಅಡ್ಮಿರಲ್ ಆಗಬೇಕಿತ್ತು. ಬೇಕಿರಲಿಲ್ಲ ಎಂದು ಈಗ ದೊಡ್ಡಸ್ತಿಕೆ ಮಾಡುವುದಿಲ್ಲ, ಬಹಳ ಬೇಕಿತ್ತು. ಊರಿನಲ್ಲಿದ್ದ ನನ್ನ ತಾಯಿ, ಅಮ್ಮಿಗೂ ಅದೇ ಧ್ಯಾನ. ಫೋನು ಮಾಡಿದಾಗಲೆಲ್ಲ, "ಆ ದೊಡ್ಡ ಸ್ಟಾರು ಯಾವಾಗ ಹಾಕ್ತಾರೋ ನಿನಗ?" ಎಂದು ಕೇಳುತ್ತಿದ್ದಳು.

ದೇಶದ ಎಲ್ಲ ಮೂಲೆಯವರಿದ್ದ ಆ ತರಗತಿಯಲ್ಲಿ ಕನ್ನಡ ಮಾತಾಡುವವರು ಇಬ್ಬರೇ. ನಾನೊಬ್ಬ, ಮೈಸೂರು ಕಡೆಯ ಇನ್ನೊಬ್ಬ. ಅವನೂ ಕ್ಯಾಪ್ಟನ್, ಅವನಿಗೂ ಅದೇ ಕಡೆಯ ವರ್ಷ. ತೆಳ್ಳಗೆ, ಉದ್ದಕ್ಕೆ, ಮಾತು ಕಮ್ಮಿ. ಎದುರಿಗಿದ್ದವನು ಮಾತಾಡುವಾಗ ತಲೆ ಒಂದು ಕಡೆ ವಾಲಿಸಿ ಕೇಳುತ್ತಿದ್ದ, ಹಾಗೆ ಕೇಳುವವನು ಸಿಕ್ಕರೆ ನನ್ನಂಥವನಿಗೆ ಹಬ್ಬ. ನನ್ನ "ಹೋಗೂಣು", "ಬರೂಣು" ಕೇಳಿ ಅವನು ನಗುತ್ತಿದ್ದ, ಅವನ "ಕಣೋ", "ಗುರೂ" ಕೇಳಿ ನಾನು ಅಣಕಿಸುತ್ತಿದ್ದೆ. ಸಂಜೆ ಇಬ್ಬರೂ ದಂಡೆಗುಂಟ ನಡೆಯುತ್ತಿದ್ದೆವು. ನನ್ನ ಹೆಂಡತಿ ಮಕ್ಕಳ ಓದಿಗಾಗಿ ವಿಶಾಖಪಟ್ಟಣದಲ್ಲೇ ಉಳಿದಿದ್ದಳು. ಹಾಗಾಗಿ ಆ ಹತ್ತು ತಿಂಗಳು ನನಗೆ ಮನೆ, ಮಠ, ಬಂಧು, ಬಳಗ ಎಲ್ಲ ಅವನೇ ಆಗಿದ್ದ. ಅವನು ಕೋರ್ಸಿನ ಹಿರಿಯ ವಿದ್ಯಾರ್ಥಿಯೂ ಹೌದು. ಕಾಲೇಜಿನವರು ಹೊರಡಿಸುವ ಪಟ್ಟಿ, ಸುತ್ತೋಲೆ ಮೊದಲು ಅವನ ಕೈಗೆ ಬಂದು, ಆಮೇಲೆ ನಮಗೆ ಬರುತ್ತಿದ್ದವು.

ಕರಾವಳಿಯಿಂದ ನಮ್ಮೂರು ಅರ್ಧ ದಿನದ ದಾರಿ. "ಒಮ್ಮೆ ಬಾರೋ, ನಮ್ಮಮ್ಮಿ ಕೈಯಾಗ ರೊಟ್ಟಿ ತಿನ್ನಾಕ ಪುಣ್ಯಾ ಮಾಡಿರಬೇಕು" ಎಂದು ನಾನು ಐದಾರು ಸಲ ಕರೆದಿದ್ದೆ. ಪ್ರತಿ ಸಲವೂ ಅವನಿಗೆ ಓದುವುದು ಇರುತ್ತಿತ್ತು. ವಾರ್‌ಗೇಮಿಗೆ ಎರಡು ವಾರ ಇರುವಾಗ ಒಂದು ಶುಕ್ರವಾರ ಸಂಜೆ ಅವನೇ ನನ್ನ ಕೋಣೆಗೆ ಬಂದ.

"ನಾಳೆ ನಿಮ್ಮೂರಿಗೆ ಹೋಗೋಣ ಗುರೂ. ಓದಿ ಓದಿ ತಲೆ ಕೆಟ್ಟಿದೆ" ಅಂದ.

ನನಗೆ ಆಕಾಶ ಮೂರೇ ಗೇಣು ಉಳಿಯಿತು. ಅಮ್ಮಿಗೆ ಫೋನು ಮಾಡಿ, ಸಾಹೇಬರು ಬರುತ್ತಾರೆ, ಮಟನ್ ತರಿಸು ಎಂದು ಹೇಳಿದೆ. ಮರುದಿನ ಬೆಳಕು ಹರಿಯುವುದರೊಳಗೆ ನನ್ನ ಕಾರಿನಲ್ಲಿ ಹೊರಟೆವು. ಘಟ್ಟ ಹತ್ತಿ ಬಂದು, ಮಿಶ್ರಿಕೋಟಿ ಕ್ರಾಸಿನಲ್ಲಿ ಚಹಾ ಕುಡಿದು, ಹುಬ್ಬಳ್ಳಿ ದಾಟಿದೆವು. ಅಲ್ಲಿಂದ ಮುಂದೆ ಭತ್ತದ ಮಾತೇ ಇಲ್ಲ, ಬರೀ ಎರೆಭೂಮಿ, ಬಿಳಿಜೋಳ, ಕಡಲೆ. ಒಬ್ಬ ಮುದುಕ ರಸ್ತೆಯ ಬಾಜುವಿನಲ್ಲಿ ಸುಲಗಾಯಿ ಮಾರುತ್ತಿದ್ದ. ಎರಡು ಸಿವುಡು ಹಸಿ ಕಡಲೆ ಕೊಂಡು ಸುಲಿದು ತಿನ್ನುತ್ತ ಬಂದೆವು. ದಾರಿಯುದ್ದಕ್ಕೂ ಅವನು ಕೇಳಿದ, ನಾನು ಹೇಳಿದೆ. ನಿನಗೆ ಅಪ್ಪ ಹೊಡೆಯುತ್ತಿದ್ದರಾ, ಶಾಲೆಯಲ್ಲಿ ಜಗಳ ಆಡುತ್ತಿದ್ದೆಯಾ, ಯಾವುದಕ್ಕೆ ಹೆದರುತ್ತಿದ್ದೆ. ಗೆಳೆಯನೊಬ್ಬ ಇಷ್ಟು ಆಸ್ಥೆಯಿಂದ ಕೇಳುತ್ತಾನಲ್ಲ ಎಂದು ನನಗೆ ಉಬ್ಬು.

ಇಲ್ಲಿ ನಮ್ಮಮ್ಮಿಯ ಕಸುಬಿನ ಬಗ್ಗೆ ಸ್ವಲ್ಪ ಹೇಳಬೇಕು. ನಮ್ಮ ಓಣಿಯಲ್ಲಿ ಜಮಖಾನ ನೇಯುವವರು ಹೆಂಗಸರು. ಮಗ್ಗ ಗೋಡೆಯ ಹಾಗೆ ನೆಟ್ಟಗೆ ನಿಂತಿರುತ್ತದೆ. ಅದರ ಮುಂದೆ ಹಲಗೆಯ ಮೇಲೆ ಕೂತು ಬಣ್ಣದ ನೂಲನ್ನು ಎಳೆಯ ನಡುವೆ ತೂರಿಸಿ, ಪಂಜಾ ಅನ್ನುವ ಕಬ್ಬಿಣದ ಹಣಿಗೆಯಿಂದ ಬಡಿದು ಕೂಡಿಸುತ್ತಾರೆ. ಚಿತ್ರ ಯಾವ ಕಾಗದದ ಮೇಲೂ ಇರುವುದಿಲ್ಲ. ಎಷ್ಟು ಎಳೆಗೆ ನವಿಲಿನ ಕುತ್ತಿಗೆ, ಎಷ್ಟು ಎಳೆಗೆ ಗರಿ, ಎಲ್ಲ ತಲೆಯೊಳಗಿನ ಎಣಿಕೆ. ಆ ಎಣಿಕೆಯನ್ನು ಹೆತ್ತ ಮಗಳಿಗೆ ಹೇಳಿಕೊಡುವ ರೂಢಿ ಹಳಬರಲ್ಲಿ ಇರಲಿಲ್ಲ. ಮಗಳು ಮದುವೆಯಾಗಿ ಬೇರೆ ಊರಿಗೆ ಹೋಗುವವಳು, ಅವಳ ಜೊತೆ ಕಸುಬೂ ಹೋಗುತ್ತದೆ ಎಂಬ ಭಯ. ಸೊಸೆ ಬಂದು ಉಳಿಯುವವಳು, ಅವಳಿಗೆ ಮಾತ್ರ ಹೇಳಿಕೊಡುತ್ತಿದ್ದರು. ನಮ್ಮಕ್ಕ ಸಣ್ಣವಳಿದ್ದಾಗ ಕಲಿಸು ಎಂದು ಅತ್ತು ಹಟ ಮಾಡಿದ್ದಳು. ಅಮ್ಮಿ ಎಣಿಸುವ ಹೊತ್ತಿಗೆ ಅವಳನ್ನು ಎಬ್ಬಿಸಿ ಹೊರಗೆ ಕಳಿಸಿ ಬಾಗಿಲು ಮುಂದೆ ಮಾಡುತ್ತಿದ್ದಳು. ಅಕ್ಕ ಈಗ ಅಣ್ಣಿಗೇರಿಯಲ್ಲಿ ಮೊಮ್ಮಕ್ಕಳನ್ನು ಆಡಿಸುತ್ತಾಳೆ, ಆ ಸಿಟ್ಟು ಮಾತ್ರ ಇನ್ನೂ ಇಳಿದಿಲ್ಲ. ಮಗ್ಗದ ಎಣಿಕೆ ಕಲಿತದ್ದು ಅಣ್ಣನ ಹೆಂಡತಿ, ನಮ್ಮ ಭಾಬಿ.

"ಬರ್ರಿ ಸಾಹೇಬ್ರ, ಕುಂದರ್ರಿ. ಬಡವರ ಮನಿ ನೋಡ್ರಿ" ಎಂದು ಅಮ್ಮಿ ಸೆರಗು ತಲೆಗೆ ಎಳೆದುಕೊಂಡು ಅವನನ್ನು ಎದುರುಗೊಂಡಳು.

ಅವನು ಕುರ್ಚಿಯ ಮೇಲೆ ಕೂರಲಿಲ್ಲ. ಬಗ್ಗಿ ಅವಳ ಕಾಲು ಮುಟ್ಟಿ, "ಸಾಹೇಬ ಅನ್ನಬೇಡಿ ಅಮ್ಮ. ನನ್ನ ತಾಯಿ ಹೋಗಿ ಎಂಟು ವರ್ಷ ಆಯ್ತು. ನಾನೂ ನಿಮ್ಮ ಮಗ ಅಂತಲೇ ತಿಳ್ಕೊಳ್ಳಿ" ಅಂದ.

ಅಷ್ಟು ಸಾಕಾಯಿತು. ಅಮ್ಮಿಯ ಬಾಯಲ್ಲಿ "ರಿ" ಹೋಗಿ "ಬೇಟಾ" ಬಂತು. ಮಟನ್ ಸಾರು, ಬಿಸಿ ರೊಟ್ಟಿ, ಶೇಂಗಾ ಚಟ್ನಿ, ತುಂಬಗಾಯಿ ಬದನೆ, ಒಂದಾದ ಮೇಲೊಂದು ಅವನ ತಾಟಿಗೆ ಬಿತ್ತು. ಅವನೂ ಸಂಕೋಚವಿಲ್ಲದೆ ಉಂಡ. ಮಧ್ಯಾಹ್ನ ಅಮ್ಮಿ ಮಗ್ಗಕ್ಕೆ ಕೂತಾಗ, ನೋಡಬಹುದಾ ಎಂದು ಕೇಳಿ ಹಲಗೆಯ ಪಕ್ಕ ನೆಲದ ಮೇಲೆ ಕೂತ. ನಾನು ಅಂಗಳದಲ್ಲಿ ಅಣ್ಣನ ಜೊತೆ ಹೊಲದ ಸುದ್ದಿ ಮಾತಾಡುತ್ತಿದ್ದೆ, ಒಳಗಿನ ಮಾತು ನನಗೆ ಕೇಳುತ್ತಿತ್ತು. ಒಂದು ಸಂಗತಿ ಭಾಬಿ ಆಮೇಲೆ ನನಗೆ ಹೇಳಿದಳು. ಅವನು ಕೂತಿರುವಷ್ಟು ಹೊತ್ತು ಅಮ್ಮಿ ನವಿಲಿನ ಕಡೆ ಕೈ ಹಾಕಲಿಲ್ಲವಂತೆ. ಅಂಚಿನ ಸಾದಾ ಪಟ್ಟಿಯನ್ನಷ್ಟೇ ನೇಯ್ದಳಂತೆ. ಮಗ ಅಂದವನ ಮುಂದೆಯೂ ಕಸುಬಿನ ಎಣಿಕೆಗೆ ಅವಳು ಕಾವಲು ಬಿಡಲಿಲ್ಲ.

"ಇವನು ಚಿಕ್ಕವನಿದ್ದಾಗ ಹೇಗಿದ್ದ ಅಮ್ಮ?" ಎಂದು ಅವನು ಕೇಳಿದ.

ಅಮ್ಮಿ ಎಲ್ಲರಿಗೂ ಹೇಳುವ ಕತೆ ಶುರುಮಾಡಿದಳು. ನನಗೆ ಆಗ ಒಂಬತ್ತು ವರ್ಷ. ಹತ್ತಿ ಬಿಡಿಸುವ ಕಡೆಯ ಸುತ್ತು. ನಾವು ಓಣಿಯ ಏಳು ಮಕ್ಕಳು ಹೊಲಕ್ಕೆ ಹೋಗಿದ್ದೆವು. ಸಂಜೆ ಮುಂದೆ ಒಮ್ಮೆಲೇ ಆಣೆಕಲ್ಲು ಮಳೆ ಹೊಡೆಯಿತು. ಎಲ್ಲರೂ ಊರ ಕಡೆ ಓಡಿದರು. ನಾನು ಹಳ್ಳದ ದಂಡೆಯಲ್ಲಿ ಎಲ್ಲರನ್ನೂ ನಿಲ್ಲಿಸಿ ತಲೆ ಎಣಿಸಿದೆ, ಆರೇ ಇದ್ದವು. ಅಕ್ಕ ಇರಲಿಲ್ಲ. ಉಳಿದವರನ್ನು ಮುಂದೆ ಕಳಿಸಿ ನಾನು ಅಲ್ಲೇ ನಿಂತೆ. ಅಕ್ಕ ಯಾರದೋ ಚಕ್ಕಡಿ ಹತ್ತಿ ಬೇರೆ ದಾರಿಯಿಂದ ಆಗಲೇ ಮನೆ ಮುಟ್ಟಿ, ಒಲೆಯ ಮುಂದೆ ಕೂತು ಚಹಾ ಕುಡಿಯುತ್ತಿದ್ದಳು. ಅಪ್ಪ ಹುಡುಕಿಕೊಂಡು ಬರುವತನಕ ನಾನು ಮಳೆಯಲ್ಲೇ ನಿಂತಿದ್ದೆ. ಆಮೇಲೆ ಜ್ವರ ಬಂದು ಒಂದು ವಾರ ಮಲಗಿದ್ದೆ.

"ಇವಗ ಅಂಜಿಕಿ ಆತು ಅಂದ್ರ ಬಾಯಿ ಮುಚ್ಚತೈತಿ ನೋಡು ಬೇಟಾ" ಅಂದಳು ಅಮ್ಮಿ. "ಸುಮ್ನ ತಲಿ ಎಣಸ್ತಾನ. ಎಣಿಕಿ ತಪ್ಪಿದ್ರ ಮುಗೀತು, ಜಾಗಾ ಬಿಡಾಂವಲ್ಲ."

"ಬಿಟ್ಟು ನಡಿ ಅಂತ ಯಾರಾದ್ರೂ ಬುದ್ಧಿ ಹೇಳಿದ್ರೆ?"

"ಯಾರು ಹೇಳಿದ್ರೂ ಕೇಳಂಗಿಲ್ಲ. ಬೇಕಂದ್ರ ಜೀವಾ ಬಿಟ್ಟಾನು."

"ಈಗಲೂ ಹಾಗೇನಾ ಅಮ್ಮ?"

"ಈಗೂ ಹಂಗಽ. ಊಟಕ್ಕ ಕುಂತ್ರೂ ಎಲ್ಲಾರೂ ಬರೂತನಾ ತುತ್ತ ಮುಟ್ಟಾಂವಲ್ಲ. ಅದಕ್ಕ ನಾ ನಿನಗ ಹೇಳೂದು ಬೇಟಾ, ನೀ ಇವನ ಬಾಜೂಕ ಇರಬೇಕು. ಇಂವ ಭಾಳ ಸಾದಾ ಮನಿಷ್ಯಾ."

ಅಂಗಳದಲ್ಲಿ ಕೂತು ನಾನು ನಕ್ಕೆ. ನನ್ನ ತಾಯಿ ನನ್ನ ಗೆಳೆಯನ ಮುಂದೆ ನನ್ನನ್ನು ಹೊಗಳುತ್ತಿದ್ದಳು, ಅದರಲ್ಲಿ ಏನು ಕೇಡು ಕಾಣಬೇಕಿತ್ತು ನನಗೆ? ಹೊರಡುವಾಗ ಅಮ್ಮಿ ಅವನಿಗೆ ತಾನೇ ನೇಯ್ದ ಒಂದು ಸಣ್ಣ ಜಮಖಾನ ಕೊಟ್ಟಳು. ಅವನು ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ಕಣ್ಣಿಗೆ ಒತ್ತಿಕೊಂಡ.

ಸೋಮವಾರ ವಾರ್‌ಗೇಮಿನ ಪಟ್ಟಿ ಹಚ್ಚಿದರು. ನೀಲಿ ಪಡೆಗೆ ನಾನು ದಳಪತಿ, ಕೆಂಪು ಪಡೆಗೆ ಅವನು. ಇಬ್ಬರೂ ಕೈ ಕುಲುಕಿದೆವು. "ಈಗ ನೀನು ನನ್ನ ವೈರಿ" ಎಂದು ನಾನು ಚೇಷ್ಟೆ ಮಾಡಿದೆ. ಅವನೂ ನಕ್ಕ.

ಆಟ ನಾಲ್ಕು ದಿನ, ಐದನೆಯ ದಿನ ಅದರ ವಿಮರ್ಶೆ. ನನ್ನ ಕೆಲಸ ಹೇಳಲು ಸುಲಭ. ಹದಿನಾಲ್ಕು ಹಡಗುಗಳನ್ನು ಒಂದು ಇಕ್ಕಟ್ಟಾದ ಜಲಸಂಧಿ ದಾಟಿಸಿ, ಗೊತ್ತಾದ ವೇಳೆಯೊಳಗೆ ಒಂದು ದ್ವೀಪ ಮುಟ್ಟಿಸಬೇಕು. ಕೆಂಪು ಪಡೆ ಅದನ್ನು ತಡೆಯಬೇಕು. ಮೂರು ದಿನ ನಾನು ಚೆನ್ನಾಗಿಯೇ ಆಡಿದೆ. ಬೋಧಕರು ಒಬ್ಬರು ನನ್ನ ಬೆನ್ನ ಹಿಂದೆ ನಿಂತು ತಲೆಯಾಡಿಸಿ ಹೋದದ್ದೂ ನೆನಪಿದೆ. ನಾಲ್ಕನೆಯ ದಿನ ಬೆಳಿಗ್ಗೆ, ಜಲಸಂಧಿಯ ಬಾಯಿಗೆ ಬಂದಾಗ, ನನ್ನ ಸಂಪರ್ಕ ಅಧಿಕಾರಿ ಹೇಳಿದ: ಇಂಧನದ ಹಡಗಿನಿಂದ ಉತ್ತರ ಬರುತ್ತಿಲ್ಲ.

ನಾನು ಎಣಿಸಿದೆ. ಪರದೆಯ ಮೇಲೆ ಹದಿಮೂರು.

ನನ್ನ ಗುಂಪಿನವರು ಮೂವರೂ ಒಂದೇ ಮಾತು ಹೇಳಿದರು. ಹುಡುಕಲು ಒಂದು ಸಣ್ಣ ಹಡಗನ್ನು ಬಿಡೋಣ, ಉಳಿದವರು ಈಗಲೇ ದಾಟೋಣ, ವೇಳೆ ಹೋಗುತ್ತಿದೆ. ಅದು ಸರಿಯಾದ ಮಾತು. ಪುಸ್ತಕದಲ್ಲಿಯೂ ಹಾಗೇ ಇದೆ, ಪರೀಕ್ಷೆಯಲ್ಲಿ ಕೇಳಿದ್ದರೆ ನಾನೂ ಹಾಗೇ ಬರೆಯುತ್ತಿದ್ದೆ. ಆದರೆ ಆ ಹಡಗಿನಲ್ಲಿ ಜನ ಇದ್ದಾರೆ ಎಂದು ನನ್ನ ತಲೆಗೆ ಹತ್ತಿಬಿಟ್ಟಿತ್ತು. ಇಲ್ಲದ ದೇಶದ ಇಲ್ಲದ ಹಡಗು, ಅದರಲ್ಲಿ ಇಲ್ಲದ ಜನ! ನಾನು ಮಾತು ನಿಲ್ಲಿಸಿದೆ. ಪಡೆಯನ್ನು ಅಲ್ಲೇ ನಿಲ್ಲಿಸಿ ಕಾದೆ. ಆಟದ ಗಡಿಯಾರದಲ್ಲಿ ಆರು ತಾಸು ಕಾದೆ. ಆ ಆರು ತಾಸಿನಲ್ಲಿ ಕೆಂಪು ಪಡೆಯ ಜಲಾಂತರ್ಗಾಮಿಗಳು ಎರಡೂ ಕಡೆಯಿಂದ ಬಂದು ನನ್ನ ಹಡಗುಗಳನ್ನು ಒಂದೊಂದಾಗಿ ಮುಳುಗಿಸಿದವು. ಇಂಧನದ ಹಡಗಿಗೆ ಏನೂ ಆಗಿರಲಿಲ್ಲ. ಅದರ ರೇಡಿಯೋ ಬಾಯಿಯನ್ನಷ್ಟೇ ಕೆಂಪು ಪಡೆಯವರು ಕಟ್ಟಿದ್ದರು. ಅದು ಬೇರೆ ದಾರಿಯಿಂದ ಹೋಗಿ ದ್ವೀಪದ ಹತ್ತಿರ ನಮ್ಮನ್ನೇ ಕಾಯುತ್ತಿತ್ತು.

ಸೋತೆ ಎಂದು ದುಃಖವಾಯಿತು, ಅವಮಾನವೂ ಆಯಿತು. ಆದರೆ ಅದು ನನ್ನ ತಪ್ಪು, ನುಂಗಿಕೊಂಡಿರುತ್ತಿದ್ದೆ. ನುಂಗಲಾಗದ್ದು ನಡೆದದ್ದು ಮರುದಿನ, ದೊಡ್ಡ ಸಭಾಂಗಣದಲ್ಲಿ. ಆಟ ಮುಗಿದ ಮೇಲೆ ಇಬ್ಬರು ದಳಪತಿಗಳೂ ತಾವು ಏನು ಯೋಚಿಸಿ ಏನು ಮಾಡಿದೆವು ಎಂದು ಇಡೀ ತರಗತಿಗೆ, ಬೋಧಕರಿಗೆ ಹೇಳಬೇಕು. ಅವನು ಎದ್ದು ನಿಂತು ಮೊದಲು ನಕ್ಷೆ ತೋರಿಸಿದ. ಎರಡನೆಯ ಚಿತ್ರ ಪರದೆಯ ಮೇಲೆ ಬಂದಾಗ ನನಗೆ ಒಂದು ಕ್ಷಣ ಏನೂ ಅರ್ಥವಾಗಲಿಲ್ಲ. ಗೋಡೆಯಷ್ಟು ದೊಡ್ಡದಾಗಿ ನಮ್ಮಮ್ಮಿ ಕೂತಿದ್ದಳು. ಮಗ್ಗದ ಹಲಗೆಯ ಮೇಲೆ, ಕೈಯಲ್ಲಿ ಪಂಜಾ, ಸೆರಗು ಜಾರಿ ಬಿಳಿ ಕೂದಲು ಕಾಣುತ್ತ, ಅರ್ಧ ತಿರುಗಿ ನಗುತ್ತ. ಅವನು ಯಾವಾಗ ಆ ಫೋಟೋ ತೆಗೆದನೋ ಗೊತ್ತಿಲ್ಲ. ಮೇಲೆ "ಎದುರಾಳಿ ದಳಪತಿಯನ್ನು ಅರಿಯಿರಿ" ಎಂದು ಬರೆದಿತ್ತು. ಕೆಳಗೆ ಸಣ್ಣ ಅಕ್ಷರದಲ್ಲಿ, ಮಾಹಿತಿಯ ಮೂಲ: ತಾಯಿ.

ಸಭೆ ಹೋ ಎಂದು ನಕ್ಕಿತು. ಅವನು ಹತ್ತಿಯ ಹೊಲ, ಆಣೆಕಲ್ಲು, ಏಳು ಮಕ್ಕಳು, ಆರು ತಲೆ, ಎಲ್ಲವನ್ನೂ ಚಂದದ ಇಂಗ್ಲಿಷಿನಲ್ಲಿ ಹೇಳಿದ. ನನ್ನ ಗೆಳೆಯ ಅಂಜಿದಾಗ ಎಣಿಸುತ್ತಾನೆ, ಎಣಿಕೆ ತಪ್ಪಿದರೆ ನಿಲ್ಲುತ್ತಾನೆ, ಆದ್ದರಿಂದ ನಾನು ಅವನ ಒಂದು ಹಡಗಿನ ಧ್ವನಿಯನ್ನಷ್ಟೇ ಕದ್ದೆ ಎಂದ. ಬೋಧಕರೊಬ್ಬರು, ಈ ತಯಾರಿ ಯಾವಾಗ ಶುರುವಾಯಿತು ಎಂದು ಕೇಳಿದರು.

"ಪಟ್ಟಿ ನನ್ನ ಕೈಗೆ ಶುಕ್ರವಾರ ಬಂತು ಸರ್. ಶನಿವಾರ ಬೆಳಿಗ್ಗೆ ನಾನು ಅವನ ಕಾರಿನಲ್ಲಿ ಕೂತಿದ್ದೆ."

ಚಪ್ಪಾಳೆ ಬಿತ್ತು. ಬೋಧಕರು, ನಕ್ಷೆ ನೋಡಿ ಯುದ್ಧ ಮಾಡುವವರು ಬಹಳ, ಮನುಷ್ಯನನ್ನು ನೋಡಿ ಮಾಡುವವರು ಕಡಿಮೆ ಎಂದರು. ನಾನೂ ಚಪ್ಪಾಳೆ ತಟ್ಟಿದೆ, ನಾನೂ ನಕ್ಕೆ. ಇದನ್ನು ಬರೆಯಲು ಎಲ್ಲಕ್ಕಿಂತ ಹೆಚ್ಚು ನಾಚಿಕೆಯಾಗುತ್ತದೆ. ಅಷ್ಟು ಜನ ನನ್ನ ತಾಯಿಯನ್ನು ನೋಡಿ ನಗುವಾಗ, ಸಣ್ಣ ಮನಸ್ಸಿನವನು ಅನ್ನಿಸಿಕೊಳ್ಳಬಾರದು ಎಂದು ನಾನೂ ಹಲ್ಲು ಕಿರಿದೆ.

ಬೋಧಕರ ಮಾತು ಸುಳ್ಳಲ್ಲ. ಅವರ ಜಾಗದಲ್ಲಿದ್ದರೆ ನಾನೂ ಅದನ್ನೇ ಹೇಳುತ್ತಿದ್ದೆ. ವೈರಿಯನ್ನು ಒಳಹೊಕ್ಕು ಅರಿಯುವುದೇ ಆ ಓದಿನ ತಿರುಳು, ಯುದ್ಧದಲ್ಲಿ ಅದಕ್ಕೆ ಮೋಸ ಅನ್ನುವುದಿಲ್ಲ. ಆದರೆ ನಮ್ಮಮ್ಮಿ ಯುದ್ಧದಲ್ಲಿರಲಿಲ್ಲ. ಅವಳು ತನ್ನ ಮನೆಯಲ್ಲಿ, ತನ್ನ ಮಗ್ಗದ ಮುಂದೆ, ತಾನು ಉಣ್ಣಿಸಿದವನ ಜೊತೆ ಮಾತಾಡುತ್ತಿದ್ದಳು. ಉಂಡ ಮನೆಯ ಜಂತಿ ಎಣಿಸಬಾರದು ಎಂದು ನಮ್ಮಲ್ಲಿ ಕೂಸಿಗೂ ಗೊತ್ತು.

ಆ ಸಂಜೆ ದಂಡೆಯ ಮೇಲೆ ಅವನನ್ನು ಹಿಡಿದು ಕೇಳಿದೆ. "ನಾಚ್ಕಿ ಬರಲಿಲ್ಲೇನೋ ನಿನಗ?"

"ಆಟ ಕಣೋ ಅದು. ನೀನೂ ನಗ್ತಾ ಇದ್ದೆ" ಅಂದ.

"ನಿಮ್ಮ ಮಗ ಅಂತ ತಿಳ್ಕೊಳ್ರಿ ಅಂದಿಲ್ಲೋ ಆಕಿಗೆ?"

ಅವನು ನನ್ನ ಕಡೆ ತಿರುಗಿ ನಿಂತ. ಆಮೇಲೆ, "ಅಂದೆ. ಅವತ್ತು ನಿಜವಾಗ್ಲೂ ಹಾಗೇ ಅನ್ನಿಸ್ತು ಗುರೂ" ಅಂದ.

ನನಗೆ ಹೊಡೆಯಬೇಕು ಅನ್ನಿಸಿತು. ಸುಳ್ಳು ಹೇಳಿದ್ದರೆ ಹೊಡೆದೂ ಇರುತ್ತಿದ್ದೆ. ಅವನು ನಿಜವನ್ನೇ ಹೇಳುತ್ತಿದ್ದಾನೆ ಅನ್ನುವುದು ಮುಖದ ಮೇಲೆ ಕಾಣುತ್ತಿತ್ತು. ಪ್ರೀತಿಯೂ ನಿಜ, ಜೇಬಿನೊಳಗಿನ ಪಟ್ಟಿಯೂ ನಿಜ. ಎರಡನ್ನೂ ಒಟ್ಟಿಗೆ ಇಟ್ಟುಕೊಂಡು ಅವನು ನಮ್ಮನೆಯ ರೊಟ್ಟಿ ಮುರಿದಿದ್ದ. ಅಲ್ಲಿಂದ ಕೋರ್ಸು ಮುಗಿಯುವತನಕ ನಾನು ಅವನ ಜೊತೆ ಕನ್ನಡದಲ್ಲಿ ಮಾತಾಡಲಿಲ್ಲ.

ನನ್ನ ವರದಿಯ ಸಾರಾಂಶವನ್ನು ಬಾಯಿಮಾತಿನಲ್ಲಿ ತಿಳಿಸಿದರು. ಹೊಣೆಗಾರಿಕೆಯುಳ್ಳ ಅಧಿಕಾರಿ, ಆದರೆ ಒತ್ತಡದಲ್ಲಿ ಇವರು ಏನು ಮಾಡುತ್ತಾರೆ ಎಂದು ಎದುರಾಳಿ ಮೊದಲೇ ಹೇಳಬಲ್ಲ. ಕೆಲವು ತಿಂಗಳಿಗೆ ಬೋರ್ಡಿನ ಫಲಿತಾಂಶ ಬಂತು. ಅವನು ಅಡ್ಮಿರಲ್ ಆದ, ನಾನು ಆಗಲಿಲ್ಲ. ಆ ವರದಿ ಇಲ್ಲದಿದ್ದರೆ ಆಗುತ್ತಿದ್ದೆನೋ ಇಲ್ಲವೋ ದೇವರೇ ಬಲ್ಲ. ಆಗುತ್ತಿದ್ದೆ ಎಂದು ನಾನು ಅಂದುಕೊಂಡಿದ್ದೇನೆ, ಅದನ್ನು ನನ್ನಿಂದ ಯಾರೂ ಬಿಡಿಸಲಾರರು.

ರಜೆ ಹಾಕಿ ಊರಿಗೆ ಹೊರಟೆ. ಮೊದಲು ಅಣ್ಣಿಗೇರಿಯಲ್ಲಿ ಅಕ್ಕನ ಮನೆಗೆ ಹೋಗಿ ಎಲ್ಲವನ್ನೂ ಹೇಳಿದೆ. ಅಕ್ಕ ಅಕ್ಕಿ ಆರಿಸುತ್ತಿದ್ದವಳು ಮೊರ ಕೆಳಗಿಟ್ಟಳು.

"ಕಸುಬು ಹೊರಗ ಹೋಗತೈತಿ ಅಂತ ನನಗ ನೂಲಿನ ಎಣಿಕಿ ಹೇಳಲಿಲ್ಲ ಆಕಿ, ಹೊಟ್ಟ್ಯಾಗ ಹುಟ್ಟಿದ ಮಗಳಿಗೆ" ಅಂದಳು. "ನಿನ್ನ ಎಣಿಕಿ ಮಾತ್ರ ನಿನ್ನೆ ಬಂದಾಂವಗ ಕೊಟ್ಟಳಲ್ಲೋ!"

"ಇವತ್ತ ಹೋಗಿ ಆಕಿಗೆ ಹೇಳೇ ಹೇಳ್ತೀನಿ."

"ಹೇಳಬ್ಯಾಡೋ. ಸಾಯೂತನಾ ಮರಗತಾಳ."

"ಮರಗಲಿ" ಅಂದೆ. ನಿಜವಾಗಿ ಹಾಗೇ ಅಂದೆ. ಸಿಟ್ಟು ಅವನ ಮೇಲಿನದು ಅರ್ಧ, ಅಮ್ಮಿಯ ಮೇಲಿನದು ಅರ್ಧ ಆಗಿತ್ತು. ನೂಲಿಗೆ ಇಷ್ಟು ಕಾವಲು ಇಟ್ಟವಳು ಮಗನಿಗೆ ಯಾಕೆ ಇಡಲಿಲ್ಲ? ಅಣ್ಣಿಗೇರಿಯಿಂದ ನವಲಗುಂದದತನಕ ಕಾರಿನಲ್ಲಿ ಅದೇ ಮಾತನ್ನು ಜೋರಾಗಿ ಹೇಳಿ ಹೇಳಿ ರೂಢಿ ಮಾಡಿಕೊಂಡು ಹೋದೆ.

ಮನೆ ಮುಟ್ಟಿದಾಗ ಅಮ್ಮಿ ಪಡಸಾಲೆಯಲ್ಲಿ ಬಣ್ಣದ ನೂಲಿನ ಉಂಡೆ ಸುತ್ತುತ್ತಿದ್ದಳು. ನನ್ನ ಮುಖ ನೋಡಿದ್ದೇ ಅವಳಿಗೆ ಗೊತ್ತಾಯಿತು.

"ಸಿಗಲಿಲ್ಲೇನೋ ಸ್ಟಾರು?" ಅಂದಳು.

"ಇಲ್ಲ ಅಮ್ಮೀ."

"ಯಾಕಂತ?"

ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಜೇಬಿನಲ್ಲಿ ಫೋನು ಹೊಡೆಯಿತು. ಅವನದೇ. ಮೂರು ದಿನದಿಂದ ಮಾಡುತ್ತಿದ್ದ, ನಾನು ಎತ್ತಿರಲಿಲ್ಲ. ಈಗ ಎತ್ತಿದೆ. ಅಮ್ಮಿಯ ಎದುರಿಗೇ ಅವನ ಮಾನ ಹರಾಜು ಹಾಕಬೇಕು ಎಂದು ಸ್ಪೀಕರಿಗೂ ಹಾಕಿದೆ. ಅವನು ನನ್ನ ಹೆಸರು ಹಿಡಿದು ಕರೆದು, "ಅಮ್ಮನ ಜೊತೆ ಮಾತಾಡಬೇಕು ಕಣೋ" ಅಂದ.

ಧ್ವನಿ ಕೇಳಿದ್ದೇ ತಡ, ಅಮ್ಮಿ ಉಂಡೆ ಬದಿಗಿಟ್ಟು ಫೋನನ್ನು ನನ್ನ ಕೈಯಿಂದ ಕಸಿದುಕೊಂಡಳು. "ಬೇಟಾ! ಮರ್ತಬಿಟ್ಟೆಲ್ಲೋ ನನ್ನ! ಹ್ಯಾಂಗದೀ?"

"ಚೆನ್ನಾಗಿದ್ದೀನಿ ಅಮ್ಮ. ನನಗೆ ಬಡ್ತಿ ಬಂತು. ನಿಮ್ಮ ಆಶೀರ್ವಾದ ಕೇಳೋಣ ಅಂತ."

"ದೊಡ್ಡ ಸ್ಟಾರೇನು? ನಿನಗ ಸಿಕ್ತೇನು? ಅಲ್ಲಾ ನಿನ್ನ ಚಲೋ ಇಡಲಿ ಬೇಟಾ, ಅಗದಿ ಚಲೋ ಇಡಲಿ." ಅವಳ ಕಣ್ಣಲ್ಲಿ ನಿಜವಾಗಿ ನೀರು ಬಂತು. ಆಮೇಲೆ ಧ್ವನಿ ಇಳಿಸಿದಳು, ನಾನು ಎದುರಿಗೇ ಇದ್ದರೂ ನನಗೆ ಕೇಳಬಾರದು ಅನ್ನುವ ಹಾಗೆ. "ಇವಗ ಯಾಕ ಸಿಗಲಿಲ್ಲಪಾ?"

"ಅದು ಬೋರ್ಡಿನವರು ತೀರ್ಮಾನ ಮಾಡೋದು ಅಮ್ಮ" ಎಂದು ಆ ಕಡೆಯಿಂದ ಬಂತು.

"ಬೋರ್ಡಿನವರಿಗೆ ಇವನ ಬಗ್ಗೆ ಏನ್ ಗೊತ್ತಿರತೈತಿ? ನಿನಗ ಗೊತ್ತೈತಿ. ಆವತ್ತು ನಾ ಒಂದೂ ಮುಚ್ಚಿಡದ ಹೇಳೀನೆಲ್ಲ ನಿನಗ, ಇಂವ ಎಂಥಾಂವ ಅಂತ. ಈಗ ನಿನ್ನ ಮಾತು ನಡೀತೈತಿ. ನಾ ಹ್ಯಾಂಗ ಹೇಳೀನಿ ಹಂಗಽ ಹೇಳು ಬೇಟಾ, ದೊಡ್ಡ ಸಾಹೇಬರ ಮುಂದ."

ಫೋನಿನಲ್ಲಿ ಅವನ ಉಸಿರು ಕೇಳಿಸುತ್ತಿತ್ತು.

"ಹೇಳಿದ್ದೀನಿ ಅಮ್ಮ" ಅಂದ.

ಅಮ್ಮಿಯ ಮುಖ ಅರಳಿತು. ಫೋನನ್ನು ನನ್ನ ಕೈಗೆ ಕೊಡುತ್ತ, "ಕೇಳಿದಿಲ್ಲೋ? ಆಗಲೇ ಹೇಳ್ಯಾನಂತ" ಅಂದಳು.

"ಹೂಂ ಅಮ್ಮೀ" ಅಂದೆ. "ಹೇಳ್ಯಾನ."